ಅಣ್ಣ 'ಓ', ತಂಗಿ 'ನೀ'

ಬೆಳಿಗ್ಗೆ ಪಾತ್ರೆ ತೊಳೀತಾ ಬಾಥಿ ಬ್ಯಾಂಡ್ ಹಾಕಿದ್ದೆ. ಎಪ್ಪತ್ತರ ದಶಕದ ಐರಿಷ್ ಜನಪದ ತಂಡ. ಕೈ ಒರೆಸ್ಕೊಂಡು ಯಾರ್ಯಾರಿದಾರೆ ಅಂತ ನೋಡ್ದೆ.

ಗಿಟಾರ್: ಮೀಹಾಲ್ ಓ ಡೋನಿಲ್.
ಹಾಡು, ಕೀಬೋರ್ಡ್: ಟ್ರೀನಾ ನೀ ಗೋನಿಲ್.

ಬೇರೆ ಬೇರೆ ಮನೆಯವರು ಅಂದ್ಕೊಂಡಿದ್ದೆ ಇಷ್ಟು ದಿನ. ಒಡಹುಟ್ಟಿದವರಂತೆ! ಮನೆಹೆಸರೂ ಒಂದೇ.

ಐರಿಷ್‌ನಲ್ಲಿ 'ಓ' ಅಂದ್ರೆ ಮೊಮ್ಮಗ, ವಂಶದವನು. ಹೆಣ್ಣಾದ್ರೆ ಅದು 'ನೀ' ಆಗುತ್ತೆ. ಆಗ ಮುಂದಿನ ಅಕ್ಷರವೂ ಮೆತ್ತಗಾಗಿ, ಡಕಾರ ಗಂಟಲಿಗೆ ಜಾರಿ ಗಕಾರದ ಹತ್ರ ಬರುತ್ತೆ. ಮದುವೆಯಾಗಿ ಗಂಡನ ಹೆಸರು ತಗೊಂಡ್ರೆ ಮತ್ತೆ ಬದಲು, 'ಈ'. ಓ, ನೀ, ಈ... ಯಾರನ್ನೋ ಕೂಗ್ತಿರೋ ಹಾಗಿದೆ ನಮ್ಮ ಕಿವಿಗೆ.

ಇಂಗ್ಲಿಷಿಗೆ ಬಂದ ಕೂಡ್ಲೇ ಇದೆಲ್ಲ ಮಾಯ. ಗಂಡು ಹೆಣ್ಣು ಎಲ್ಲರೂ ಓ'ಡೊನೆಲ್.

ಡಬ್ಲಿನ್‌ನ ರಾಜಕಾರಣಿ ಲಿಜ್ ಓ'ಡೊನೆಲ್, 1997ರಲ್ಲಿ ವಿದೇಶಾಂಗ ಖಾತೆಯ ರಾಜ್ಯ ಸಚಿವೆ ಆದವರು. 2021ರಲ್ಲಿ ಐರ್ಲೆಂಡಿನ ಮುಖ್ಯ ನ್ಯಾಯಮೂರ್ತಿಯಾದ ಡೋನಲ್ ಓ'ಡೊನೆಲ್. ಐರ್ಲೆಂಡಿನ ಡೊನೆಗಾಲ್ ಜಿಲ್ಲೆಯ ಕಿನ್‌ಕಾಸ್ಲಾ ಊರಿನ ಗಾಯಕ ಡೇನಿಯಲ್ ಓ'ಡೊನೆಲ್, ಅಜ್ಜಿಯಂದಿರ ಅಚ್ಚುಮೆಚ್ಚು. ನೆಂಟರಂತೂ ಅಲ್ಲ, ನನಗೆ ತಿಳಿದ ಮಟ್ಟಿಗೆ.

ಅದೇ ಡೊನೆಗಾಲ್‌ನಲ್ಲಿ ಒಂದು ಕಾಲಕ್ಕೆ ಓ'ಡೊನೆಲ್‌ಗಳದ್ದೇ ಆಳ್ವಿಕೆ. 1607ರಲ್ಲಿ ಆ ಮನೆತನದ ದೊರೆ ರೋರಿ ಓ'ಡೊನೆಲ್ ಅಲ್ಲಿನ ರಾತ್‌ಮುಲ್ಲನ್‌ನಿಂದ ಹಡಗು ಹತ್ತಿ ಹೋದವನು ವಾಪಸ್ ಬರಲೇ ಇಲ್ಲ. ಹೆಸರು ಮಾತ್ರ ಊರಲ್ಲೇ ಉಳೀತು.

ನನಗೆ ಮಾತ್ರ ಆ ತಂಗಿಯ 'ನೀ' ತಲೆಯಿಂದ ಹೋಗ್ತಿಲ್ಲ. ಹಾಡು ಮೂರನೇ ಸಲ ಓಡ್ತಿದೆ. ಪಾತ್ರೆ ಇನ್ನೂ ಅರ್ಧ ಸಿಂಕಲ್ಲೇ.