ಒತ್ತಕ್ಷರದ ಹತ್ತಿರ ನಿಂತುಬಿಟ್ಟ ಮಕ್ಕಳು

ಅಕ್ಷರ ದುಂಡಗಿದ್ದರೆ ಮಗುವಿಗೆ ಓದು ಬರುತ್ತದೆ ಅಂತ ನಾನು ಬಹಳ ವರ್ಷ ನಂಬಿಕೊಂಡಿದ್ದೆ. ಯಾದಗಿರಿ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಈ ಕೆಲಸಕ್ಕೆ ಬಂದು ಹದಿನಾಲ್ಕು ವರ್ಷವಾಯಿತು. 2024ರ ಜೂನ್‌ನಲ್ಲಿ ಎಂಟನೇ ತರಗತಿಗೆ ಸೇರಿದ ಒಬ್ಬ ಹುಡುಗನ ನೋಟ್‌ಬುಕ್ ಇಡೀ ತರಗತಿಯಲ್ಲೇ ಚೆಂದ. ಬೋರ್ಡಿನ ಮೇಲೆ ಬರೆದದ್ದನ್ನು ಒಂದು ಸೊನ್ನೆ, ಒಂದು ಕೊಂಬು ಬಿಡದೆ ಇಳಿಸಿಕೊಳ್ಳುತ್ತಿದ್ದ. ಅಂಚಿಗೆ ಗೆರೆ, ಪಾಠದ ಹೆಸರಿಗೆ ಕೆಂಪು ಪೆನ್ನು. ನಾನು ಅದನ್ನು ಎತ್ತಿ ಹಿಡಿದು ಉಳಿದವರಿಗೆ ತೋರಿಸಿದ್ದೂ ಉಂಟು.

ಆಗಸ್ಟ್‌ನಲ್ಲಿ ಒಂದು ದಿನ ಅವನನ್ನು ಎಬ್ಬಿಸಿ, ಅವನೇ ಬರೆದ ಉತ್ತರ ಓದಲು ಹೇಳಿದೆ. ಎದ್ದು ನಿಂತ. ಪುಸ್ತಕವನ್ನೇ ನೋಡುತ್ತ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ‘ಕಣ್ಣು ಮಂಜ ಮಂಜ ಆಗ್ಯಾವ್ರಿ ಮೇಡಂ’ ಅಂದ. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು, ನಗು ಹರಡಿತು. ನಾನು ಅದನ್ನು ತಡೆಯಲಿಲ್ಲ. ‘ಮನ್ಯಾಗ ಓದಿಕೊಂಡು ಬಾ’ ಅಂತ ಕೂರಿಸಿ ಪಾಠ ಮುಂದುವರಿಸಿದೆ. ಮರುದಿನದಿಂದ ಅವನು ಬರಲಿಲ್ಲ. ಒಂಬತ್ತು ದಿನ.

ಹತ್ತನೆಯ ದಿನ ಮನೆಗೆ ಹೋದೆ. ‘ಅವರ ಕಾಕಾನ ಜೋಡಿ ಹತ್ತಿಗೆ ಎಣ್ಣಿ ಹೊಡ್ಯಾಕ ಹೋಗ್ಯಾನ್ರಿ, ಸಾಲಿ ಒಲ್ಲೆ ಅಂತಾನ’ ಅಂದಳು ತಾಯಿ. ನಮ್ಮ ಕಡೆ ಎಣ್ಣಿ ಅಂದರೆ ಕೀಟನಾಶಕ. ಹುಡುಗ ಹೊಲದ ಬದುವಿನ ಮೇಲೆ ಸಿಕ್ಕ, ಕೈಯಲ್ಲಿ ಖಾಲಿ ಕೊಡ. ನನ್ನನ್ನು ಕಂಡವನೇ ತಲೆ ತಗ್ಗಿಸಿದ. ಎಷ್ಟು ಮಾತಾಡಿಸಿದರೂ ಅವನ ಬಾಯಿಂದ ಬಂದದ್ದು ಒಂದೇ ಮಾತು: ‘ಸಾಲಿಗೆ ಬರ್ತೀನ್ರಿ ಮೇಡಂ, ಆದ್ರ ನನ್ನ ಎಬ್ಬಿಸಬ್ಯಾಡ್ರಿ.’

ಒಪ್ಪಿಕೊಂಡೆ. ಅವತ್ತಿನಿಂದ ನನ್ನ ತರಗತಿಯಲ್ಲಿ ತಯಾರಿಯಿಲ್ಲದೆ ಯಾರನ್ನೂ ಎಬ್ಬಿಸಿ ಓದಿಸಿಲ್ಲ.

ಆಮೇಲೆ ಹಿಂದೆ ನಡೆದದ್ದೆಲ್ಲ ಬೇರೆಯಾಗಿ ಕಾಣತೊಡಗಿತು. ಓದುವ ಪಾಠ ಶುರುವಾಗುವ ಹೊತ್ತಿಗೆ ಸರಿಯಾಗಿ ‘ನೀರು ಕುಡದ ಬರ್ತೀನ್ರಿ’ ಅನ್ನುವವರು. ಸೀಮೆಸುಣ್ಣ ತರಲು, ಬೋರ್ಡ್ ಒರೆಸಲು, ಬಿಸಿಯೂಟಕ್ಕೆ ತಟ್ಟೆ ಜೋಡಿಸಲು ಮೊದಲು ಓಡುವವರು. ವರ್ಷವಿಡೀ ಪಠ್ಯಪುಸ್ತಕ ‘ಮನ್ಯಾಗ ಬಿಟ್ಟು’ ಬರುವವರು. ಪಕ್ಕದವನು ಓದುವುದನ್ನು ಒಂದು ಸಲ ಕೇಳಿ, ಅದೇ ಸಾಲುಗಳನ್ನು ಪುಸ್ತಕ ನೋಡುತ್ತ ಒಪ್ಪಿಸುವವರು. ಇವರಲ್ಲಿ ಹಲವರನ್ನು ನಾನು ಚುರುಕು ಅಂದಿದ್ದೆ, ಕೆಲವರನ್ನು ಉಡಾಳರು ಅಂದಿದ್ದೆ. ಓದು ಬಾರದ್ದನ್ನು ಎಂಟು ವರ್ಷ ಮುಚ್ಚಿಟ್ಟುಕೊಂಡು ಬರಲು ಎಷ್ಟು ನೆನಪಿನ ಶಕ್ತಿ ಬೇಕು, ಎಷ್ಟು ಎಚ್ಚರ ಬೇಕು! ಅಷ್ಟು ಶಕ್ತಿ ಇರುವ ಮಗುವಿಗೆ ಓದು ಹತ್ತುವುದಿಲ್ಲ ಅನ್ನುವ ಮಾತನ್ನು ನಾನು ಇವತ್ತು ಒಪ್ಪುವುದಿಲ್ಲ.

ಮೊದಲ ಪ್ರಯತ್ನ ಕೆಟ್ಟಿತು. ಪಕ್ಕದ ಪ್ರಾಥಮಿಕ ಶಾಲೆಯಿಂದ ಒಂದನೇ ತರಗತಿಯ ಚಾರ್ಟ್ ತಂದೆ. ‘ರ ಗ ಸ ದ ಅ’, ‘ಜ ವ ಮ ಬ ನ’ — ಸರ್ಕಾರಿ ಶಾಲೆಯ ಕೆಳಗಿನ ತರಗತಿಗಳಲ್ಲಿ ಆಟದ ಜೊತೆ ಪಾಠ ಹೇಳುವ ನಲಿ-ಕಲಿ ಪದ್ಧತಿಯ ಮಕ್ಕಳು ಕಲಿಯುವ ಕ್ರಮ. ಆರು ವರ್ಷದ ಮಗುವಿಗೆ ಅದು ಒಳ್ಳೆಯ ಕ್ರಮ. ಮೀಸೆ ಚಿಗುರುತ್ತಿರುವ ಹುಡುಗರ ಮುಂದೆ ಅದನ್ನು ತೂಗುಹಾಕಿದಾಗ ಅವರ ಮುಖ ನೋಡಲಾಗಲಿಲ್ಲ. ಎರಡೇ ದಿನಕ್ಕೆ ಚಾರ್ಟ್ ಮಡಚಿ ಒಳಗಿಟ್ಟೆ. ಅಷ್ಟಕ್ಕೂ ಆ ಅಕ್ಷರಗಳು ಅವರಲ್ಲಿ ಬಹುಪಾಲು ಮಕ್ಕಳಿಗೆ ಗೊತ್ತಿದ್ದವು. ಗೊತ್ತಿಲ್ಲದ್ದು ಯಾವುದು ಅಂತ ನಾನೇ ಕೇಳಿರಲಿಲ್ಲ.

ಹಾಗಾಗಿ ಬಿಸಿಯೂಟದ ನಂತರ ವರಾಂಡದ ಮೂಲೆಯಲ್ಲಿ ಒಬ್ಬೊಬ್ಬರನ್ನೇ ಕೂರಿಸಿಕೊಂಡೆ. ನಾಲ್ಕು ಚೀಟಿ. ಒಂದರಲ್ಲಿ ಬರೀ ಮೂಲ ಅಕ್ಷರದ ಪದಗಳು: ಮರ, ನಗರ, ಬಸವ. ಎರಡನೆಯದರಲ್ಲಿ ಕಾಗುಣಿತ: ಕುದುರೆ, ಮೋಡ, ಹೊಲ, ತೌಡು. ಮೂರನೆಯದರಲ್ಲಿ ಒತ್ತಕ್ಷರ. ನಾಲ್ಕನೆಯದು ಐದಾರು ಸಾಲಿನ ಒಂದು ಸಣ್ಣ ಸಂಗತಿ. ಓದು ಬಾರದವರು ಅಂತ ನಾನು ಗುರುತು ಹಾಕಿಕೊಂಡಿದ್ದ ಹನ್ನೊಂದು ಮಕ್ಕಳಲ್ಲಿ ಅಕ್ಷರವೇ ತಿಳಿಯದವರು ಇಬ್ಬರು ಮಾತ್ರ. ಒಬ್ಬಳಿಗೆ ನಿಜವಾಗಿಯೂ ಕಣ್ಣು ಮಂಜಾಗಿತ್ತು. ಶಾಲೆಗೆ ಬರುವ ಆರೋಗ್ಯ ತಪಾಸಣೆ ತಂಡಕ್ಕೆ ತೋರಿಸಿ ಕನ್ನಡಕ ಹಾಕಿಸಿದ ಮೇಲೆ ಅವಳ ಓದು ತಾನಾಗಿ ದಾರಿಗೆ ಬಂತು. ಇಬ್ಬರು ಕಾಗುಣಿತದಲ್ಲಿ ಎಡವುತ್ತಿದ್ದರು. ಹ್ರಸ್ವ-ದೀರ್ಘ, ಒ-ಓ, ಎ-ಏ ಕಲಸಿಹೋಗಿದ್ದವು. ಉಳಿದ ಆರು ಜನ ಎರಡು ಚೀಟಿ ಸಲೀಸಾಗಿ ದಾಟಿ, ಮೂರನೆಯದರ ಮುಂದೆ ಗೋಡೆ ಸಿಕ್ಕವರಂತೆ ನಿಂತರು. ನಮ್ಮ ಹುಡುಗನೂ ಅವರಲ್ಲೊಬ್ಬ.

ಲೆಕ್ಕ ಹಾಕಿದರೆ ಕಾರಣ ಕಾಣುತ್ತದೆ. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ಶಾಲೆ ಮುಚ್ಚಿದಾಗ ಇವರು ಮೂರನೇ ತರಗತಿ. ಒಂದರಿಂದ ಐದರವರೆಗಿನ ತರಗತಿಗಳು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಆಗ ಇವರು ಐದನೇ ತರಗತಿ. ಒತ್ತಕ್ಷರ ಬಾಯಿಗೂ ಕಣ್ಣಿಗೂ ಪಳಗುವ ಕಾಲ ಅದೇ. ವಿದ್ಯಾಗಮ ಅಂತ ಗುಡಿಕಟ್ಟೆಯ ಮೇಲೆ, ಮರದ ಕೆಳಗೆ ನಮ್ಮ ಪ್ರಾಥಮಿಕ ಶಾಲೆಯ ಶಿಕ್ಷಕರು ಕಷ್ಟಪಟ್ಟು ಕಲಿಸಿದರು. ಅದು ಎಲ್ಲ ಮಕ್ಕಳನ್ನೂ ಮುಟ್ಟಲಿಲ್ಲ. 2022-23ರಲ್ಲಿ, ಬಿಟ್ಟುಹೋದ ಕಲಿಕೆಯನ್ನು ತುಂಬಿಸಲು ಕಲಿಕಾ ಚೇತರಿಕೆ ಅನ್ನುವ ಸರ್ಕಾರಿ ಕಾರ್ಯಕ್ರಮ ಬಂತು. ಆ ವರ್ಷ ಹತ್ತಿ ಬಿಡಿಸುವ ಸುಗ್ಗಿಯಲ್ಲಿ ಈ ಹುಡುಗ ತಿಂಗಳುಗಟ್ಟಲೆ ಶಾಲೆಗೇ ಬಂದಿರಲಿಲ್ಲ ಅಂತ ಅವನೇ ಹೇಳಿದ. ಸಹೋದ್ಯೋಗಿಗಳು ‘ಎಂಟನೆತ್ತಾ ತನಕ ಪಾಸ್ ಮಾಡಿದ್ದೇ ತಪ್ಪು’ ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಐದರಲ್ಲಿ ಫೇಲ್ ಮಾಡಿದ್ದರೆ ಅವನು ಆರನೆಯ ವರ್ಷ ಹೊಲದಲ್ಲಿರುತ್ತಿದ್ದ, ನನಗೆ ಸಿಗುತ್ತಲೇ ಇರಲಿಲ್ಲ. ತಪ್ಪಿದ್ದು ನಡುವೆ ಯಾರೂ ಒಬ್ಬನನ್ನೇ ಕೂರಿಸಿ ಕೇಳದೆ ಹೋದದ್ದು. ಆ ‘ಯಾರೂ’ ಅನ್ನುವುದರಲ್ಲಿ ನಾನೂ ಇದ್ದೇನೆ. ಇದಕ್ಕಿಂತ ಮುಂಚಿನ ವರ್ಷಗಳಲ್ಲಿ ಇಂಥ ಎಷ್ಟು ಮಕ್ಕಳು ನನ್ನ ಕೈದಾಟಿ ಹೋದರೋ, ನೆನೆದರೆ ಸಂಕಟವಾಗುತ್ತದೆ.

ಬಿ.ಎಡ್‌ನಲ್ಲಿ ನಮಗೆ ಪದ್ಯ ಹೇಗೆ ವಿವರಿಸಬೇಕು, ವ್ಯಾಕರಣ ಹೇಗೆ ಕಲಿಸಬೇಕು ಅಂತ ಹೇಳಿಕೊಟ್ಟಿದ್ದರು. ಹದಿಮೂರು ವರ್ಷದವನಿಗೆ ಒತ್ತಕ್ಷರ ಹೇಗೆ ಕಲಿಸಬೇಕು ಅಂತ ಯಾರೂ ಹೇಳಿರಲಿಲ್ಲ. ಒಂದು ಸಂಜೆ ಕೂತು ನಮ್ಮ ಲಿಪಿಯನ್ನೇ ಹೊಸದಾಗಿ ನೋಡಿದೆ. ಹೆಚ್ಚಿನ ಒತ್ತುಗಳು ಮೂಲ ಅಕ್ಷರದ ತಲೆಕಟ್ಟು ತೆಗೆದ ಚಿಕ್ಕ ರೂಪಗಳು. ಅಕ್ಕ, ಅಜ್ಜ, ಹಬ್ಬ, ಹಳ್ಳ — ಇವನ್ನು ಒಮ್ಮೆ ತೋರಿಸಿದರೆ ಮಕ್ಕಳು ಹಿಡಿದುಬಿಡುತ್ತಾರೆ. ತ, ನ, ಮ, ಯ, ರ, ಲ — ಈ ಆರರ ಕಥೆ ಬೇರೆ. ಇವುಗಳ ಒತ್ತಿಗೂ ಮೂಲ ಅಕ್ಷರಕ್ಕೂ ಹೋಲಿಕೆಯೇ ಇಲ್ಲ. ನಾವು ದೊಡ್ಡವರು ಎಂದೋ ಕಲಿತು ಮರೆತಿದ್ದೇವೆ, ಆದ್ದರಿಂದ ಅದರ ಕಷ್ಟ ನಮಗೆ ಕಾಣುವುದಿಲ್ಲ. ಕನ್ನಡದ ಸಾಲಿನಲ್ಲಿ ಅತಿ ಹೆಚ್ಚು ಬರುವ ಒತ್ತುಗಳೂ ಇವೇ ಇರಬೇಕು; ಯಾವ ಪುಟ ತೆಗೆದರೂ ಎದುರಾಗುತ್ತವೆ.

ಇನ್ನು ಅರ್ಕಾವತ್ತು. ಅದು ಇನ್ನೂ ಕಠಿಣ. ಬರೆಯುವುದು ಅಕ್ಷರದ ನಂತರ, ಓದುವುದು ಅದಕ್ಕಿಂತ ಮೊದಲು. ಕನ್ನಡದ ಒಂಬತ್ತರ ಅಂಕಿಯಂತೆ (೯) ಕಾಣುವ ಆ ಗುರುತಿನ ಮುಂದೆ ನಮ್ಮ ಹುಡುಗ ‘ಸೂಯ’ ಅಂತ ಓದಿ ನಿಲ್ಲುತ್ತಿದ್ದ. ಸೂರ್ಯ ಅವನಿಗೆ ಸಿಗುತ್ತಿರಲಿಲ್ಲ.

ದಾರಿ ಕಂಡದ್ದು ಬಸ್ಸಿನಲ್ಲಿ. ದಿನಾ ಶಾಲೆಗೆ ನಾನು ಬರುವ ಕೆಂಪು ಬಸ್ಸಿನ ಮೈಮೇಲೆ ‘ಕಲ್ಯಾಣ ಕರ್ನಾಟಕ’ ಅಂತಿದೆ. ಇದನ್ನು ಓದಲಾರದ ಮಗು ನಮ್ಮ ತರಗತಿಯಲ್ಲಿ ಒಂದೂ ಇರಲಿಲ್ಲ! ಅವರು ಅದನ್ನು ಚಿತ್ರದಂತೆ ಗುರುತಿಸುತ್ತಿದ್ದರು. ಮರುದಿನ ಚೀಟಿಯ ಮೇಲೆ ‘ಕರ್ನಾಟಕ’ ಬರೆದು, ‘ಟಕ’ ಮೇಲೆ ಬೆರಳಿಟ್ಟು, ‘ಉಳಿದದ್ದು ಓದಪಾ ತಮ್ಮಾ’ ಅಂದೆ. ಅವನು ಬೆರಳು ತೆಗೆಯುವ ಮೊದಲೇ ‘ಕರ್ನಾಟಕ’ ಅಂದ. ‘ಅದು ಗೊತ್ತಾತು, ಈ ಒಂಬತ್ತರಂಗ ಇರೋದು ಎಲ್ಲಿ ಕೇಳಸ್ತದ?’ ಅಂತ ಕೇಳಿದೆ. ಮೆಲ್ಲಗೆ ತನಗೆ ತಾನೇ ನಾಲ್ಕೈದು ಸಲ ಹೇಳಿಕೊಂಡ. ‘“ನಾ”ಕ್ಕಿಂತ ಮೊದ್ಲು ರ್ ಅಂತೈತ್ರಿ’ ಅಂದ. ಅದರ ಕೆಳಗೆ ‘ಸೂರ್ಯ’ ಬರೆದೆ. ಓದಿದ. ‘ಪರ್ವತ’, ‘ಮಾರ್ಗ’, ‘ಕಾರ್ಯ’. ಓದಿದ. ಮುಖ ಎತ್ತಿ ನನ್ನನ್ನು ನೋಡಿದ್ದು ಆ ವರ್ಷ ಅದೇ ಮೊದಲ ಸಲ.

ಅಲ್ಲಿಂದ ಮುಂದೆ ಅವರಿಗೆ ಆಗಲೇ ಕಣ್ಣಳತೆಯಲ್ಲಿ ಗೊತ್ತಿದ್ದ ಪದಗಳನ್ನೇ ಕೀಲಿಯಾಗಿ ಹಿಡಿದೆವು. ತ ಒತ್ತಿಗೆ ಅತ್ತೆ, ನ ಒತ್ತಿಗೆ ಅನ್ನ, ಮ ಒತ್ತಿಗೆ ಅಮ್ಮ, ಯ ಒತ್ತಿಗೆ ಕಲ್ಯಾಣ, ಲ ಒತ್ತಿಗೆ ಎಲ್ಲ. ರ ಒತ್ತಿಗೆ ಗ್ರಾಮ — ಅದು ಪಂಚಾಯಿತಿಯ ಬೋರ್ಡಿನ ಮೇಲಿತ್ತು. ಹೊಸ ಪದದಲ್ಲಿ ಸಿಕ್ಕಿಕೊಂಡರೆ ನಾನು ಉತ್ತರ ಹೇಳುತ್ತಿರಲಿಲ್ಲ. ‘ಇದು ಯಾರ ಮನಿದು?’ ಅನ್ನುತ್ತಿದ್ದೆ. ‘ಅಮ್ಮನ ಮನಿದ್ರಿ’ ಅಂದು, ಹೆಮ್ಮೆ, ಜನ್ಮ, ಆತ್ಮ ದಾಟುತ್ತಿದ್ದರು. ಆರು ಒತ್ತಿಗೆ ನಮಗೆ ಹಿಡಿದದ್ದು ಏಳು ವಾರ, ದಿನಕ್ಕೆ ಇಪ್ಪತ್ತು ನಿಮಿಷದಂತೆ.

ಒತ್ತು ಬಂದ ಮಾತ್ರಕ್ಕೆ ಓದು ಬರಲಿಲ್ಲ. ಒಂದೊಂದೇ ಅಕ್ಷರ ಕೂಡಿಸಿ ಸಾಲಿನ ಕೊನೆಗೆ ಬರುವಷ್ಟರಲ್ಲಿ ಮೊದಲಿನ ಪದ ಮರೆತಿರುತ್ತಿತ್ತು. ಇದಕ್ಕೆ ಮದ್ದು ಸುಲಭದ್ದನ್ನು ತುಂಬಾ ಓದುವುದು, ಓದಿದ್ದನ್ನೇ ಮತ್ತೆ ಓದುವುದು. ಆದರೆ ಸುಲಭದ ಪುಸ್ತಕ ಚಿಕ್ಕ ಮಕ್ಕಳದ್ದು, ಕೈಯಲ್ಲಿ ಹಿಡಿಯಲು ಅವರಿಗೆ ನಾಚಿಕೆ. ಆಗ ಪ್ರಾಥಮಿಕ ಶಾಲೆಯ ಮುಖ್ಯ ಗುರುಗಳ ಹತ್ತಿರ ಮಾತಾಡಿ, ಶನಿವಾರ ನಮ್ಮ ಹುಡುಗರು ಎರಡನೇ ತರಗತಿಯವರಿಗೆ ಕಥೆ ಓದಿ ಹೇಳುವುದೆಂದು ಗೊತ್ತುಮಾಡಿದೆ. ಪ್ರಥಮ್ ಬುಕ್ಸ್‌ನ ತೆಳ್ಳನೆಯ ಪುಸ್ತಕಗಳು, ಪುಟಕ್ಕೆ ಎರಡು ಸಾಲು. ಚಿಕ್ಕವರ ಮುಂದೆ ತಪ್ಪಬಾರದೆಂದು ಇವರು ವಾರವಿಡೀ ಅದೇ ಪುಸ್ತಕವನ್ನು ಹತ್ತು ಹನ್ನೆರಡು ಸಲ ಓದಿಕೊಳ್ಳುತ್ತಿದ್ದರು. ಅಭ್ಯಾಸ ಮಾಡಿ ಅಂತ ನಾನು ಒಮ್ಮೆಯೂ ಹೇಳಬೇಕಾಗಲಿಲ್ಲ. ಎರಡನೇ ತರಗತಿಯ ಮಕ್ಕಳು ‘ಅಣ್ಣಾ, ಇನ್ನೊಂದು’ ಅಂತ ಅವರ ಅಂಗಿ ಜಗ್ಗುತ್ತಿದ್ದರು.

ನಾನು ತಿದ್ದಿಕೊಂಡ ಇನ್ನೊಂದು ತಪ್ಪನ್ನು ಕನ್ನಡ ಶಿಕ್ಷಕರಿಗೆ ವಿಶೇಷವಾಗಿ ಹೇಳಬೇಕು. ಪುಸ್ತಕದಲ್ಲಿ ‘ಅವನು ಊರಿಗೆ ಹೋಗಿದ್ದಾನೆ’ ಅಂತಿದ್ದರೆ ನಮ್ಮ ಮಕ್ಕಳು ‘ಅಂವ ಊರಿಗಿ ಹೋಗ್ಯಾನ’ ಅಂತ ಓದುತ್ತಾರೆ. ಮೊದಲೆಲ್ಲ ಅಲ್ಲೇ ತಡೆದು ‘ಸರಿಯಾಗಿ ಓದು’ ಅನ್ನುತ್ತಿದ್ದೆ. ಸಾಲನ್ನು ನೋಡಿ, ಅರ್ಥ ಮಾಡಿಕೊಂಡು, ತನ್ನ ಮನೆಯ ಮಾತಿಗೆ ತಿರುಗಿಸಿ ಹೇಳಿದ ಮಗುವನ್ನು ನಾನು ತಪ್ಪು ಮಾಡಿದವನಂತೆ ನಿಲ್ಲಿಸುತ್ತಿದ್ದೆ. ಈಗ ಮೊದಲ ಓದಿನಲ್ಲಿ ಅದನ್ನು ಮುಟ್ಟುವುದಿಲ್ಲ. ‘ಪುಸ್ತಕದಾಗ ಅದನ್ನ ಹೆಂಗ ಬರದಾರ, ನೋಡ್ರಿ’ ಅಂತ ಎರಡನೆಯ ಓದಿನಲ್ಲಿ ಕೇಳುತ್ತೇನೆ. ತಾಂಡಾದಿಂದ ಬರುವ ಮಕ್ಕಳಿಗೆ ಮನೆಯ ಮಾತು ಲಂಬಾಣಿ. ಅವರಿಗೆ ಪುಸ್ತಕದ ಕನ್ನಡ ಎರಡು ಮೆಟ್ಟಿಲು ದೂರ. ಅವರ ಜೊತೆ ಮೊದಲು ಮಾತಾಡಬೇಕು, ಓದು ಆಮೇಲೆ.

ಮಕ್ಕಳು ಹೇಳಿದ್ದನ್ನು ಅವರ ಮಾತಿನಲ್ಲೇ ನಾನು ಬರೆದು, ಅದನ್ನೇ ಅವರಿಗೆ ಓದಲು ಕೊಡುವುದನ್ನೂ ರೂಢಿ ಮಾಡಿದೆ. ನಮ್ಮ ಹುಡುಗ ಹೇಳಿದ್ದು ಎಣ್ಣಿ ಹೊಡೆಯುವುದರ ಬಗ್ಗೆ: ಒಂದು ಕೊಡಕ್ಕೆ ಎಷ್ಟು ಮುಚ್ಚಳ ಹಾಕಬೇಕು, ಗಾಳಿ ಯಾವ ಕಡೆ ಇದ್ದರೆ ಯಾವ ಸಾಲು ಹಿಡಿಯಬೇಕು. ಅಳತೆ ಯಾರು ಹೇಳಿದರು ಅಂತ ಕೇಳಿದೆ. ಅಂಗಡಿಯವನು ಕಾಕಾನಿಗೆ ಹೇಳಿದ್ದು, ಕಾಕಾ ಇವನಿಗೆ ಹೇಳಿದ್ದು. ಬಾಟಲಿಯ ಜೊತೆ ಕೊಡುವ ಹಾಳೆಯಲ್ಲಿ ಕನ್ನಡದಲ್ಲೂ ಬರೆದಿರುತ್ತದೆ ಅಂತ ಅವನಿಗೆ ಗೊತ್ತಿರಲಿಲ್ಲ. ಮುಂದಿನ ವಾರ ತೊಳೆದ ಖಾಲಿ ಡಬ್ಬಿ ಬೇಡ, ಬರೀ ಹಾಳೆ ತಾ ಅಂದೆ. ತಂದ. ಇರುವೆಯಂಥ ಅಕ್ಷರ, ತುಂಬಾ ಒತ್ತು: ಎಚ್ಚರಿಕೆ, ಮಿಶ್ರಣ, ಲಕ್ಷಣ. ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನಗಳಲ್ಲಿ ಕೆಂಪೇ ಎಲ್ಲಕ್ಕಿಂತ ಘೋರ ವಿಷ ಅಂತ ಅವತ್ತು ಇಡೀ ತರಗತಿ ಕಲಿಯಿತು. ಅದೇ ಸಂಜೆ ಅವರ ಮನೆಗೆ ಮತ್ತೆ ಹೋಗಿ, ಇಷ್ಟು ಚಿಕ್ಕ ಹುಡುಗನ ಕೈಗೆ ಇದನ್ನು ಕೊಡಬಾರದು ಅಂತ ಕಾಕಾನಿಗೆ ಹೇಳಿ ಬಂದೆ. ಅವರು ಒಪ್ಪಿದರು. ಒಪ್ಪಿದ ಮೇಲೂ ಅವನು ಎರಡು ಸಲ ಹೋದ ಅಂತ ಆಮೇಲೆ ತಿಳಿಯಿತು.

ಎಲ್ಲರ ಕಥೆಯೂ ಹೀಗೆ ಮುಂದೆ ಸಾಗಲಿಲ್ಲ. ಆರು ಜನರಲ್ಲಿ ಎಲ್ಲರಿಗಿಂತ ಬೇಗ ಕಲಿಯುತ್ತಿದ್ದ ಹುಡುಗಿ ನವೆಂಬರ್‌ನಲ್ಲಿ ಹತ್ತಿ ಬಿಡಿಸಲು ಹೋದವಳು ಮರಳಿ ಬರಲಿಲ್ಲ. ಮೂರು ಸಲ ಮನೆಗೆ ಹೋದೆ. ಮನೆಮಂದಿಯೆಲ್ಲ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋಗಿದ್ದಾರೆ ಅಂತ ಪಕ್ಕದವರು ಹೇಳಿದರು. ಹಾಜರಿ ಪುಸ್ತಕದಲ್ಲಿ ಅವಳ ಹೆಸರು ಇನ್ನೂ ಇದೆ. ಅಕ್ಷರವೇ ತಿಳಿಯದ ಇಬ್ಬರಲ್ಲಿ ಒಬ್ಬನಿಗೆ ನನ್ನ ಯಾವ ಉಪಾಯವೂ ನಾಟಲಿಲ್ಲ. ಅವನಿಗೆ ಕಲಿಕಾ ನ್ಯೂನತೆ ಇರಬಹುದೆಂದು ಪರೀಕ್ಷೆ ಮಾಡಿಸಲು ಕಳಿಸಿದ್ದೇವೆ.

ನಮ್ಮ ಹುಡುಗ ಈಗ ಒಂಬತ್ತನೇ ತರಗತಿ. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ 125 ಅಂಕ, ಅದರಲ್ಲಿ 100 ಲಿಖಿತ ಪರೀಕ್ಷೆಗೆ. ಪ್ರಶ್ನೆಪತ್ರಿಕೆ ಓದಿಕೊಳ್ಳಲು ಕೊಡುವ ಹೊತ್ತು 15 ನಿಮಿಷ. ಹೋದ ವಾರ ಹಳೆಯ ಒಂದು ಪ್ರಶ್ನೆಪತ್ರಿಕೆ ಕೊಟ್ಟು ಗಡಿಯಾರ ನೋಡುತ್ತ ಕೂತೆ. ಮೊದಲ ಪುಟದಿಂದ ಕೊನೆಯ ಪುಟದವರೆಗೆ, ತುಟಿ ಅಲ್ಲಾಡಿಸುತ್ತ, ಯಾರ ಸಹಾಯವೂ ಇಲ್ಲದೆ ಓದಿ ಮುಗಿಸಲು ಅವನಿಗೆ 26 ನಿಮಿಷ ಹಿಡಿಯಿತು. ಗಡಿಯಾರ ನೋಡಿ ‘ಇನ್ನ ಹನ್ನೊಂದು ನಿಮಿಷ ಇಳಸಬೇಕ್ರಿ ಮೇಡಂ’ ಅಂದ. ಇನ್ನೊಂದು ಪತ್ರಿಕೆ ಕೈಗೆ ತೆಗೆದುಕೊಂಡ.