ಡೇಟಾ ‘ಈಸ್’ಓ, ‘ಆರ್’ಓ?

ಚಿಕ್ಕಮಗಳೂರಿನ ಕಡೆ ತೋಟದ ಮಳೆ ಲೆಕ್ಕವನ್ನು ಇಂಗ್ಲಿಷಿನಲ್ಲಿ ಬರೆಯುವವರು, ಕಾಲೇಜಿನ ಪ್ರಾಜೆಕ್ಟ್ ರಿಪೋರ್ಟ್ ಟೈಪ್ ಮಾಡುವವರು, ಎಲ್ಲರೂ ಕೇಳುವುದು ಇದನ್ನೇ: ‘ಡೇಟಾ ಈಸ್’ ಸರಿಯೋ, ‘ಡೇಟಾ ಆರ್’ ಸರಿಯೋ? ಎರಡೂ ಸರಿ. ಬೆರೆಸಿದರೆ ತಪ್ಪು.

ಲ್ಯಾಟಿನ್ನಿನಲ್ಲಿ ‘ಡೇಟಮ್’ ಅಂದರೆ ಕೊಟ್ಟದ್ದು, ‘ಡೇಟಾ’ ಅದರ ಬಹುವಚನ. ನಮ್ಮ ದತ್ತಾಂಶದ ‘ದತ್ತ’ವೂ ಅದೇ ಬೇರಿನ ಪದ, ಅರ್ಥವೂ ಅದೇ. ಆದರೆ ಈಗಿನ ಇಂಗ್ಲಿಷಿನಲ್ಲಿ ಡೇಟಾ ಹೆಚ್ಚಾಗಿ ಹಾಲಿನ ಹಾಗೆ, ಅಳೆಯುವ ವಸ್ತು. ಮೊಬೈಲಿನ ಡೇಟಾ ‘ಖಾಲಿ ಆಯ್ತು’ ಅನ್ನುತ್ತೇವೆ, ‘ಖಾಲಿ ಆದವು’ ಅನ್ನುವುದಿಲ್ಲವಲ್ಲ. ಪತ್ರ, ಪತ್ರಿಕೆ, ಕಚೇರಿ ವರದಿಗೆ ‘ಈಸ್’ ಸಾಕು. ಸಂಶೋಧನಾ ಪ್ರಬಂಧವಾದರೆ ಜರ್ನಲ್ಲಿನ ನಿಯಮ ಮೊದಲು ನೋಡಿ. ಎಪಿಎ (ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಶನ್) ಬರವಣಿಗೆ ಶೈಲಿ ‘ಆರ್’ ಕೇಳುತ್ತದೆ.

ಎಡವುವುದು ಇಂಥ ವಾಕ್ಯದಲ್ಲಿ: ‘ದೀಸ್ ರೇನ್‌ಫಾಲ್ ಡೇಟಾ ಈಸ್ ಫ್ರಮ್ ಮೂಡಿಗೆರೆ ಅಂಡ್ ದೇ ಆರ್ ಇನ್ ಇಂಚಸ್.’ ‘ದೀಸ್’ ಬಹುವಚನ, ‘ಈಸ್’ ಏಕವಚನ, ‘ದೇ’ ಮತ್ತೆ ಬಹುವಚನ. ಕ್ರಿಯಾಪದ ಒಂದನ್ನು ತಿದ್ದಿ ಕೈಬಿಟ್ಟರೆ ಆಗುವುದಿಲ್ಲ. ‘ದಿಸ್–ಈಸ್–ಇಟ್–ಮಚ್’ ಒಂದು ಜೊತೆ, ‘ದೀಸ್–ಆರ್–ದೇ–ಮೆನಿ’ ಇನ್ನೊಂದು. ಹಿಡಿದ ಜೊತೆಯನ್ನು ಕೊನೆಯ ಪುಟದವರೆಗೂ ಬಿಡಬೇಡಿ. ಒಂದೇ ದಿನದ ಅಂಕಿಯ ಮಾತಾದರೆ ‘ರೀಡಿಂಗ್’ ಅಂದುಬಿಡಿ. ‘ಡೇಟಮ್’ ಅಂದರೆ ಓದುವವರು ಹುಬ್ಬೇರಿಸುತ್ತಾರೆ. ಹೀಗೆ ಬೆರೆಸುವ ತಪ್ಪು ನಮ್ಮ ಕಿವಿಗೆ ಬೀಳದಿರುವುದಕ್ಕೆ ಕಾರಣವೂ ಇದೆ: ಆಡುಮಾತಿನಲ್ಲಿ ನಾವು ‘ಗಿಡಗಳು ಇವೆ’ ಅನ್ನುವುದಕ್ಕಿಂತ ‘ಗಿಡಗಳು ಇದೆ’ ಅನ್ನುವುದೇ ಜಾಸ್ತಿ.

ಎಲ್ಲ ಪದಗಳಿಗೂ ಡೇಟಾದಷ್ಟು ಸಲಿಗೆ ಇಲ್ಲ. ‘ಬ್ಯಾಕ್ಟೀರಿಯಾ’ ಬಹುವಚನವೇ, ಒಂದಾದರೆ ‘ಬ್ಯಾಕ್ಟೀರಿಯಂ’. ಕಾಫಿ ಗಿಡದ ಕಾಂಡಕೊರಕ ಕೀಟದ ಒಂದು ಮರಿಹುಳು ಸಿಕ್ಕರೆ ‘ಎ ಲಾರ್ವಾ’, ಹತ್ತು ಸಿಕ್ಕರೆ ‘ಟೆನ್ ಲಾರ್ವೀ’. ‘ಎ ಲಾರ್ವೀ’ ಯಾವ ಕಾಲಕ್ಕೂ ಇಲ್ಲ. ಎಲೆತುಕ್ಕು ರೋಗ ತರುವುದು ‘ಎ ಫಂಗಸ್’, ‘ಎ ಫಂಗೈ’ ಅಲ್ಲ. ‘ಕ್ರೈಟೀರಿಯಾ’ ಗ್ರೀಕ್ ಮೂಲದ್ದು, ಅದಕ್ಕೂ ‘ಆರ್’; ಅರ್ಹತೆಯ ಷರತ್ತು ಒಂದೇ ಇದ್ದರೆ ‘ಕ್ರೈಟೀರಿಯನ್’. ‘ಮೀಡಿಯಾ’ಕ್ಕೆ ಪತ್ರಿಕೆ-ಟೀವಿಯ ಅರ್ಥದಲ್ಲಿ ಎರಡೂ ನಡೆಯುತ್ತದೆ. ಆದರೆ ಲ್ಯಾಬಿನಲ್ಲಿ ಸೂಕ್ಷ್ಮಜೀವಿ ಬೆಳೆಸುವ ಒಂದೇ ತಟ್ಟೆಯದ್ದು ‘ಮೀಡಿಯಂ’.

ಅಜೆಂಡಾದ್ದು ತಿರುಗುಮುರುಗು. ಹುಟ್ಟಿನಲ್ಲಿ ಬಹುವಚನ, ಈಗ ಪೂರ್ತಿ ಏಕವಚನ: ‘ದಿ ಅಜೆಂಡಾ ಈಸ್ ರೆಡಿ’. ‘ಸ್ಟ್ಯಾಮಿನಾ’ ಇನ್ನೂ ದೂರ ಹೋಗಿದೆ. ಲ್ಯಾಟಿನ್ನಿನಲ್ಲಿ ಅದು ‘ಸ್ಟೇಮೆನ್’ನ ಬಹುವಚನ. ಇಂಗ್ಲಿಷಿನಲ್ಲಿ ಮಾತ್ರ ಅರೇಬಿಕಾ ಕಾಫಿ ಹೂವಿನ 5 ಕೇಸರಗಳು ‘ಸ್ಟೇಮೆನ್ಸ್’, ಗುಡ್ಡ ಹತ್ತಲು ಬೇಕಾದ ದಮ್ಮು ‘ಸ್ಟ್ಯಾಮಿನಾ’.

ಅತಿ ಜಾಣತನವೂ ಕೆಡಿಸುತ್ತದೆ. ‘ಅಸ್’ ಕಂಡಲ್ಲೆಲ್ಲ ‘ಐ’ ಹಚ್ಚಿ ‘ಸ್ಟೇಟೈ’, ‘ಅಪರೇಟೈ’ ಮಾಡುವವರಿದ್ದಾರೆ. ಲ್ಯಾಟಿನ್ನಿನಲ್ಲೇ ಈ ಎರಡಕ್ಕೆ ಆ ರೂಪ ಇಲ್ಲ. ‘ಸ್ಟೇಟಸಸ್’, ‘ಅಪರೇಟಸಸ್’ ಬರೆಯಿರಿ. ‘ಸಿಲಬಸಸ್’, ‘ಸಿಲಬೈ’ ಎರಡೂ ನಿಘಂಟಿನಲ್ಲಿವೆ. ನನ್ನ ಓಟು ಮೊದಲನೆಯದಕ್ಕೆ.

ಹಾಗೆಯೇ ಬಯೋಡೇಟಾದಲ್ಲಿ ‘ಐ ಆ್ಯಮ್ ಆ್ಯನ್ ಅಲಮ್ನೈ’ ಅಂತ ಹಾಕಬೇಡಿ. ಒಬ್ಬ ಗಂಡಸು ‘ಅಲಮ್ನಸ್’, ಒಬ್ಬ ಹೆಂಗಸು ‘ಅಲಮ್ನಾ’. ‘ಅಲಮ್ನೈ’ ಅನ್ನಲು ಕನಿಷ್ಠ ಇಬ್ಬರು ಬೇಕು.