ಸಿಲ್ವರ್ ಮರದ ಬುಡದ ಸಿಗ್ನಲ್

ಇವತ್ತು ಮೂಡಿಗೆರೆ ಕಡೆಯ ಗೆಳೆಯನ ತೋಟಕ್ಕೆ ಹೋಗಿದ್ದೆ.

ಗೋದಾಮಿಗೆ ಹೊಸ ಕ್ಯಾಮೆರಾ, ಬಾಗಿಲಿಗೆ ಸೆನ್ಸರ್, ಮುಷ್ಟಿ ಗಾತ್ರದ ಬೀಗ. ಒಳಗಿರುವ ಕಾಫಿ, ಮೆಣಸಿನ ಬೆಲೆ ನೋಡಿದರೆ ಯಾವುದೂ ಹೆಚ್ಚಲ್ಲ ಬಿಡಿ.

"ರಾತ್ರಿ ಕಳ್ಳ ಬಂದರೆ ಏನು ಮಾಡುತ್ತೀರಿ ಅಣ್ಣಾ?" ಎಂದು ಕಾವಲಿನವರನ್ನು ಕೇಳಿದೆ.

"ಸಾಹುಕಾರರಿಗೆ ಫೋನ್ ಮಾಡುತ್ತೇನೆ ಸಾರ್."

ಫೋನ್ ಎಲ್ಲಿ ಸಿಗುತ್ತದೆ? ಮೇಲಿನ ದಿಬ್ಬದ ಸಿಲ್ವರ್ ಮರ ತೋರಿಸಿದರು. ಬುಡದಲ್ಲಿ ಸುಣ್ಣದ ಗೆರೆ. ಅಲ್ಲಿ ನಿಂತರೆ ಎರಡು ಕಡ್ಡಿ ಸಿಗ್ನಲ್, ಒಂದು ಹೆಜ್ಜೆ ಸರಿದರೆ ಅದೂ ಇಲ್ಲ. ಮಳೆಗಾಲದಲ್ಲಿ ಕರೆಂಟ್ ಹೋದರೆ ಟವರ್ ಕೂಡ ಮಲಗುತ್ತದಂತೆ. ಕಳ್ಳರಿಗೆ ಆಷಾಢವೇ ಸುಗ್ಗಿ!

ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದವರು 1970ರ ದಶಕದಲ್ಲಿ ಕಳ್ಳನನ್ನು ಕೆಲಸ ಮುಗಿಸುವ ಮೊದಲೇ ತಡೆಯಲು ಆಗುತ್ತದೆಯೇ ಎಂದು ನೋಡಲು 'ಈಸಿ' (EASI) ಎಂಬ ಲೆಕ್ಕ ಮಾಡಿಟ್ಟರು. ಕಳ್ಳ ಪತ್ತೆಯಾಗುವ ಸಾಧ್ಯತೆಯನ್ನು ಸುದ್ದಿ ತಲುಪುವ ಸಾಧ್ಯತೆಯಿಂದ ಗುಣಿಸಬೇಕು; ಕೂಡುವುದಲ್ಲ. ಸೆನ್ಸರ್ 0.9 ಇದ್ದು ಫೋನ್ 0.5 ಆದರೆ ಕೈಗೆ ಬರುವುದು 0.45. ಇನ್ನು ಬೀಗ ಒಡೆಯಲು ಹತ್ತು ನಿಮಿಷ ಹಿಡಿದರೂ, ಅದರಲ್ಲಿ ಅರ್ಧ ಹೊತ್ತು ದಿಬ್ಬ ಹತ್ತುವುದಕ್ಕೇ ಹೋಯಿತು. ಗಟ್ಟಿ ಬೀಗಕ್ಕೆ ಕೊಟ್ಟ ದುಡ್ಡೂ ಅಲ್ಲೇ ಕರಗಿತು.

ಗೆಳೆಯ ಇನ್ನೆರಡು ಕ್ಯಾಮೆರಾ ಹಾಕಿಸುವ ಯೋಚನೆಯಲ್ಲಿದ್ದ. ಅದರ ಬದಲು ಗೋದಾಮಿನಿಂದ ಕೆಲಸದವರ ಲೈನ್ ಮನೆಗಳವರೆಗೆ ಒಂದು ತಂತಿ ಎಳೆಸಿ, ಬ್ಯಾಟರಿಯಲ್ಲಿ ಹೊಡೆಯುವ ಗಂಟೆ ಹಾಕಿಸು ಎಂದೆ. ಮಳೆ ಇರಲಿ, ಟವರ್ ಇಲ್ಲದಿರಲಿ, ಕೇಳಿಸುತ್ತದೆ.

"ಬೆಕ್ಕು ಓಡಾಡಿದರೂ ಹೊಡೆದುಕೊಂಡರೆ ಲೈನಿನವರೆಲ್ಲ ನನ್ನನ್ನೇ ಬೈಯುತ್ತಾರೆ ಮಾರಾಯ" ಎಂದ.

ಬೈಯಲಿ. ಎದ್ದು ಕೂತು ಬೈಯುತ್ತಾರಲ್ಲ!